ಭಟ್ಟರು ಬೆರಳು ತೋರಿಸಿದ ಕಡೆ

ನನ್ನ ಚಿಕ್ಕಮ್ಮನ ಮದುವೆ ನಡೆದದ್ದು ಮಡಿಕೇರಿಯಲ್ಲಿ, ಮೇ ತಿಂಗಳ ಮೊದಲ ವಾರ. ಧಾರೆ, ಸಪ್ತಪದಿ ಎಲ್ಲ ಮುಗಿಸಿ ಭಟ್ಟರು ಮದುಮಕ್ಕಳನ್ನು ಅಂಗಳಕ್ಕೆ ಕರೆತಂದಾಗ ಗಂಟೆ ಹನ್ನೊಂದೂವರೆ. ಕಣ್ಣು ಬಿಡಲಾಗದ ಬಿಸಿಲು. ಉತ್ತರದ ಆಕಾಶದತ್ತ ಬೆರಳೆತ್ತಿದ ಭಟ್ಟರು, ‘ಅಲ್ಲಿ ವಸಿಷ್ಠ. ಅದರ ಮಗ್ಗುಲಲ್ಲಿ ಸಣ್ಣಗೆ ಅರುಂಧತಿ. ಕಂಡಿತಾ ತಂಗೀ?’ ಎಂದರು. ‘ಕಂಡಿತು ಭಟ್ರೇ’ ಎಂದಳು ಚಿಕ್ಕಮ್ಮ, ತಲೆ ಎತ್ತದೆ. ಸುತ್ತ ನಿಂತವರೆಲ್ಲ ನಕ್ಕರು. ಒಂಬತ್ತು ವರ್ಷದ ನಾನು ಮಾತ್ರ ಹಣೆಗೆ ಅಂಗೈ ಅಡ್ಡ ಹಿಡಿದು ಹುಡುಕುತ್ತಲೇ ಇದ್ದೆ. ಭಟ್ಟರು ತೋರಿಸಿದ್ದಾರೆ, ಚಿಕ್ಕಮ್ಮನಿಗೆ ಕಂಡಿದೆ, ನನಗೊಬ್ಬನಿಗೆ ಏಕೆ ಕಾಣುತ್ತಿಲ್ಲ ಎಂಬ ಸಂಕಟ.

ಆ ಹೊತ್ತಿಗೆ ಅರುಂಧತಿ ಎಲ್ಲಿತ್ತು ಎಂದು ಲೆಕ್ಕ ಹಾಕುವಷ್ಟು ಖಗೋಳ ಕಲಿತದ್ದು ಎಷ್ಟೋ ವರ್ಷಗಳ ಮೇಲೆ. ಮಡಿಕೇರಿ ಇರುವುದು ಸಮಭಾಜಕದಿಂದ 12.4 ಡಿಗ್ರಿ ಉತ್ತರಕ್ಕೆ. ಅರುಂಧತಿ ಇರುವುದು ಆಕಾಶದ ಸಮಭಾಜಕದಿಂದ 55 ಡಿಗ್ರಿ ಉತ್ತರಕ್ಕೆ. ದಿನದ ಇಪ್ಪತ್ತನಾಲ್ಕು ಗಂಟೆಯಲ್ಲಿ ಹದಿನಾಲ್ಕೂವರೆ ಗಂಟೆಯ ಹತ್ತಿರ ಹತ್ತಿರ ಅದು ನಮ್ಮ ದಿಗಂತದ ಮೇಲಿರುತ್ತದೆ, ಉಳಿದ ಹೊತ್ತು ಕೆಳಗೆ. ಮೇ ಮೊದಲ ವಾರದ ಹನ್ನೊಂದೂವರೆಗೆ ಅದು ದಿಗಂತದಿಂದ 22 ಡಿಗ್ರಿ ಕೆಳಗೆ, ತನ್ನ ಸುತ್ತಿನ ತೀರ ತಳದಲ್ಲಿರುತ್ತದೆ. ಅಂದರೆ ಭಟ್ಟರ ದಿಕ್ಕು ಸರಿಯಾಗಿಯೇ ಇತ್ತು, ನಕ್ಷತ್ರವಿದ್ದದ್ದೂ ನೇರ ಉತ್ತರದಲ್ಲೇ. ಆದರೆ ಬೆರಳು ಆಕಾಶವನ್ನಲ್ಲ, ಅಂಗಳದ ಮಣ್ಣನ್ನು ತೋರಿಸಬೇಕಿತ್ತು.

ಇದನ್ನು ಭಟ್ಟರ ತಪ್ಪು ಹಿಡಿಯಲು ಹೇಳುತ್ತಿಲ್ಲ. ಗೃಹ್ಯಸೂತ್ರಗಳು ಹೇಳುವುದು ರಾತ್ರಿಯ ಸಂಗತಿ: ಕತ್ತಲಾದ ಮೇಲೆ ಧ್ರುವ, ಅರುಂಧತಿ, ಸಪ್ತರ್ಷಿಗಳನ್ನು ನೋಡಿದ ಬಳಿಕವೇ ವಧು ಮೌನ ಮುರಿಯಬೇಕು. ಮದುವೆ ಹಗಲಿಗೆ ಬಂತು, ಶಾಸ್ತ್ರ ಹಾಗೇ ಉಳಿಯಿತು. ಅದೇ ಮುಹೂರ್ತ ನವೆಂಬರ್ ಕೊನೆಯಲ್ಲಿ ಬಂದರೆ ಕತೆ ಬೇರೆ. ಆಗ ನಡುಹಗಲಿಗೆ ಅರುಂಧತಿ ವಾಯವ್ಯದಲ್ಲಿ, ದಿಗಂತಕ್ಕೆ ಮೂವತ್ತೈದು ಡಿಗ್ರಿ ಮೇಲೆ, ನಿಜವಾಗಿ ಇರುತ್ತದೆ. ಬಿಸಿಲು ಅದನ್ನು ಮುಚ್ಚಿರುತ್ತದೆ, ಅಷ್ಟೇ.

ಕೊಡಗಿನ ಎಲ್ಲರ ಮದುವೆಯಲ್ಲೂ ಈ ಶಾಸ್ತ್ರವಿಲ್ಲ. ಕೊಡವರ ಮದುವೆಗೆ ಪುರೋಹಿತರೇ ಬೇಡ, ಹಿರಿಯರು ಅಕ್ಕಿ ಹಾಕಿ ಹರಸಿದರೆ ಆಯಿತು. ಹಾಗೆಂದು ಕೊಡವರಿಗೆ ನಕ್ಷತ್ರದ ನಂಟಿಲ್ಲ ಎನ್ನುವಂತಿಲ್ಲ. ಸುಗ್ಗಿಯ ಹಬ್ಬವಾದ ಹುತ್ತರಿಯಲ್ಲಿ ಕದಿರು ತೆಗೆಯುವುದು ರೋಹಿಣಿ ನಕ್ಷತ್ರ ನೋಡಿಯೇ, ಹುಣ್ಣಿಮೆಯ ಆಸುಪಾಸು. ಮುಹೂರ್ತ ಗೊತ್ತಾಗುವುದು ಕಕ್ಕಬ್ಬೆಯ ಪಾಡಿ ಇಗ್ಗುತಪ್ಪನ ಸನ್ನಿಧಿಯಲ್ಲಿ. ರೋಹಿಣಿ ವಯಸ್ಸಾಗಿ ಊದಿಕೊಂಡ ಕಿತ್ತಳೆ ಬಣ್ಣದ ದೈತ್ಯ. ಕಾವೇರಿಯ ಕತೆಯ ಅಗಸ್ತ್ಯನ ಹೆಸರು ಹೊತ್ತ ನಕ್ಷತ್ರವೂ ದೈತ್ಯವೇ, ಮುನ್ನೂರು ಜ್ಯೋತಿರ್ವರ್ಷ ದೂರದಿಂದಲೂ ನಮ್ಮ ಇಡೀ ಆಕಾಶದ ಎರಡನೇ ಪ್ರಖರ ನಕ್ಷತ್ರವಾಗಿ ಬೆಳಗುತ್ತದೆ. ಫೆಬ್ರುವರಿ ನಡುವಿನಲ್ಲಿ ರಾತ್ರಿ ಒಂಬತ್ತಕ್ಕೆ ಅಗಸ್ತ್ಯ ದಕ್ಷಿಣದ ಬೆಟ್ಟಗಳ ಮೇಲೆ ತನ್ನ ಗರಿಷ್ಠ ಎತ್ತರಕ್ಕೆ ಬಂದು ನಿಲ್ಲುವ ಹೊತ್ತಿಗೆ ಸರಿಯಾಗಿ ಈಶಾನ್ಯದ ಅಂಚಿನಲ್ಲಿ ಅರುಂಧತಿ ಹುಟ್ಟುತ್ತದೆ. ಈ ಮೂರರಲ್ಲಿ ನನಗೆ ಹೆಚ್ಚು ಹತ್ತಿರವಾದದ್ದು ಅತಿ ಮಂಕಾಗಿ ಕಾಣುವ ಅರುಂಧತಿಯೇ.

ಕೊಡಗಿನಲ್ಲಿ ನಕ್ಷತ್ರ ನೋಡುವವರಿಗೆ ಇರುವುದು ಅರ್ಧ ವರ್ಷ. ಜೂನ್‌ನಲ್ಲಿ ಮೋಡ ಕವಿದರೆ ಸೆಪ್ಟೆಂಬರ್ ಮುಗಿಯುವವರೆಗೆ ಆಕಾಶವೆಂಬುದೊಂದು ಇದೆ ಎನ್ನುವುದೇ ಮರೆತುಹೋಗುತ್ತದೆ. ತೋಟದೊಳಗಂತೂ ಸಿಲ್ವರ್ ಓಕ್ ಮರಗಳು, ಅವಕ್ಕೆ ಹಬ್ಬಿದ ಮೆಣಸಿನ ಬಳ್ಳಿ. ನೆತ್ತಿಯ ಮೇಲಿನ ಒಂದು ತುಂಡು ಬಿಟ್ಟರೆ ಏನೂ ಕಾಣದು. ಇರುವ ಬಯಲೆಂದರೆ ಕಾಫಿ ಒಣಗಿಸುವ ಕಣ. ಕೊಯ್ಲು ಮುಗಿದು, ಕಣ ಖಾಲಿಯಾಗಿ, ಮಾರ್ಚ್‌ನಲ್ಲೋ ಏಪ್ರಿಲ್‌ನಲ್ಲೋ ಹೂಮಳೆ ಬಿದ್ದು ಗಾಳಿಯಲ್ಲಿದ್ದ ದೂಳೆಲ್ಲ ತೊಳೆದುಹೋದ ಮೇಲಿನ ಎರಡು ಮೂರು ರಾತ್ರಿ ಇದೆಯಲ್ಲ, ಅದಕ್ಕಿಂತ ಒಳ್ಳೆಯ ಆಕಾಶವನ್ನು ನಾನು ಬೇರೆಲ್ಲೂ ಕಂಡಿಲ್ಲ. ಏಪ್ರಿಲ್ ಎರಡನೇ ವಾರ ರಾತ್ರಿ ಒಂಬತ್ತಕ್ಕೆ ಕಣದಲ್ಲಿ ಈಶಾನ್ಯಕ್ಕೆ ಮುಖ ಮಾಡಿ ನಿಂತರೆ ದಿಗಂತಕ್ಕೂ ನೆತ್ತಿಗೂ ನಡುವಿನ ಮೂರನೇ ಒಂದು ಎತ್ತರದಲ್ಲಿ ಸಪ್ತರ್ಷಿಗಳ ಬಾಲ. ಬಾಲದ ತುದಿಯಿಂದ ಎರಡನೆಯದು ವಸಿಷ್ಠ. ಅದನ್ನೇ ನೆಟ್ಟ ನೋಟದಿಂದ ನೋಡುತ್ತಿದ್ದರೆ ಪಕ್ಕದಲ್ಲಿ ಇನ್ನೊಂದು ಬೆಳ್ಳಗಿನ ಚುಕ್ಕಿ ಮೂಡುತ್ತದೆ. ಎರಡರ ನಡುವಿನ ಅಂತರ ಹುಣ್ಣಿಮೆ ಚಂದ್ರನ ಅಗಲದ ಮೂರನೇ ಒಂದು ಪಾಲಿಗಿಂತ ಸ್ವಲ್ಪ ಹೆಚ್ಚು. ಸಾಮಾನ್ಯ ಕಣ್ಣಿಗೆ ಕಷ್ಟವೇನಲ್ಲ. ಅರಬರು ಇದನ್ನು ‘ಸುಹಾ’ ಎಂದು ಕರೆದು ಕಣ್ಣಿನ ಪರೀಕ್ಷೆಗೆ ಬಳಸುತ್ತಿದ್ದರು. ತೋಟದ ಸುತ್ತ ಆನೆ ಓಡಾಡುವ ಕಡೆ ಮಾತ್ರ ರಾತ್ರಿ ಒಬ್ಬರೇ ಕಣಕ್ಕೆ ಇಳಿಯಬೇಡಿ. ಇದನ್ನು ಮಾತಿಗೆ ಹೇಳುತ್ತಿಲ್ಲ.

ನಕ್ಷತ್ರ ನೋಡುವುದನ್ನು ಕನ್ನಡದಲ್ಲಿ ಕಲಿಸಿದವರ ಸಾಲಿನಲ್ಲಿ ಮುಂದೆ ನಿಲ್ಲುವವರು ಇದೇ ಮಡಿಕೇರಿಯಲ್ಲಿ 1926ರಲ್ಲಿ ಹುಟ್ಟಿದ ಜಿ.ಟಿ. ನಾರಾಯಣ ರಾವ್. ಗಣಿತದ ಮೇಷ್ಟ್ರು, ಆಮೇಲೆ ಮೈಸೂರಿನಲ್ಲಿ ಕನ್ನಡ ವಿಶ್ವಕೋಶದ ವಿಜ್ಞಾನ ವಿಭಾಗದ ಸಂಪಾದಕರು. 2008ರಲ್ಲಿ ತೀರಿಕೊಳ್ಳುವವರೆಗೂ ಬರೆಯುತ್ತಲೇ ಇದ್ದವರು. ಇಂಗ್ಲಿಷ್ ಪುಸ್ತಕ ಕೈಗೆಟುಕದ ಊರುಗಳ ಹುಡುಗರಿಗೆ ಆಕಾಶವನ್ನು ಕನ್ನಡದಲ್ಲೇ ಯೋಚಿಸಬಹುದು ಎಂದು ತೋರಿಸಿದವರು. ನಾನು ಇಲ್ಲಿ ಬಳಸುತ್ತಿರುವ ರೋಹಿತ, ಶ್ವೇತ ಕುಬ್ಜ, ಯಮಳ ನಕ್ಷತ್ರ ಮೊದಲಾದ ಮಾತುಗಳನ್ನು ನನ್ನ ತಲೆಮಾರು ಕಲಿತದ್ದು ಅವರಂಥವರ ಪುಸ್ತಕಗಳಿಂದ. ಅರುಂಧತಿ ನಮ್ಮಿಂದ ಸುಮಾರು 82 ಜ್ಯೋತಿರ್ವರ್ಷ ದೂರ. ಈಗ ನಮ್ಮ ಕಣ್ಣಿಗೆ ಬೀಳುವ ಅದರ ಬೆಳಕು ಹೊರಟದ್ದು 1940ರ ದಶಕದ ಮೊದಲ ಅರ್ಧದಲ್ಲಿ. ಆಗ ಕೊಡಗು ಚೀಫ್ ಕಮಿಷನರರ ಆಳ್ವಿಕೆಯ ಪುಟ್ಟ ಪ್ರಾಂತ್ಯ, ಮೈಸೂರು ರಾಜ್ಯಕ್ಕೆ ಸೇರಲು ಇನ್ನೂ ಹನ್ನೆರಡು ಹದಿಮೂರು ವರ್ಷವಿತ್ತು. ನಾರಾಯಣ ರಾವ್ ಅವರಿಗೆ ಹದಿನೇಳು ಹದಿನೆಂಟರ ವಯಸ್ಸು.

ಮಂಕು ಎಂದೆ. ಎಷ್ಟು ಮಂಕು? ಅರುಂಧತಿಯ ಕಾಂತಿಮಾನ 4. ಕತ್ತಲ ಊರಿನಲ್ಲಿ ಬರಿಗಣ್ಣಿಗೆ 6ರವರೆಗೆ ಕಾಣುತ್ತದೆ, ಅಂಕಿ ಹೆಚ್ಚಿದಷ್ಟೂ ಬೆಳಕು ಕಡಿಮೆ. ವಸಿಷ್ಠ ಅದಕ್ಕಿಂತ ಆರು ಪಟ್ಟು ಪ್ರಖರ. ಈ ಮಂಕು ನಕ್ಷತ್ರದ ಜಾಗದಲ್ಲಿ ನಮ್ಮ ಸೂರ್ಯನನ್ನು ಇಟ್ಟರೆ ಏನಾಗುತ್ತದೆ ನೋಡಿ: ಕಾಂತಿಮಾನ 6.8ರ ಹತ್ತಿರ ಹೋಗುತ್ತದೆ. ಕಣದಲ್ಲಿ ನಿಂತು ಎಷ್ಟೇ ಕಣ್ಣರಳಿಸಿದರೂ ಕಾಣುವುದಿಲ್ಲ. ಅರುಂಧತಿ ಸೂರ್ಯನ ಸುಮಾರು ಹದಿನಾಲ್ಕು ಪಟ್ಟು ಬೆಳಕು ಚೆಲ್ಲುವ ನಕ್ಷತ್ರ. ಅದನ್ನು ತಂದು ಲುಬ್ಧಕದಷ್ಟು ಹತ್ತಿರ, ಎಂಟೂವರೆ ಜ್ಯೋತಿರ್ವರ್ಷದಲ್ಲಿ ನಿಲ್ಲಿಸಿದರೆ ಅಗಸ್ತ್ಯನನ್ನೂ ಮೀರಿ ಹೊಳೆದೀತು. ಅದರ ಮಂಕೆಲ್ಲ ದೂರದ್ದು.

ತೂಕದಲ್ಲಿ ಸೂರ್ಯನ 1.8 ಪಟ್ಟು. ಅಡ್ಡಳತೆಯಲ್ಲೂ ಸರಿಸುಮಾರು ಅಷ್ಟೇ. ತೂಕ ಎರಡು ಪಟ್ಟೂ ಇಲ್ಲ, ಬೆಳಕು ಹದಿನಾಲ್ಕು ಪಟ್ಟು ಹೇಗೆ? ಇಲ್ಲೇ ನಕ್ಷತ್ರಗಳ ಇಡೀ ಬಾಳಿನ ಗುಟ್ಟಿದೆ. ಹೈಡ್ರೋಜನ್ನನ್ನು ಹೀಲಿಯಂ ಮಾಡುತ್ತ, ಒಳಕ್ಕೆ ಸೆಳೆಯುವ ಗುರುತ್ವವನ್ನು ಹೊರಕ್ಕೆ ತಳ್ಳುವ ಒತ್ತಡದಿಂದ ತಡೆದು ನಿಂತಿರುವ ನಕ್ಷತ್ರಗಳನ್ನು ಪ್ರಧಾನ ಶ್ರೇಣಿಯವು ಎನ್ನುತ್ತಾರೆ. ಸೂರ್ಯನೂ ಅದೇ ಸಾಲಿನದು. ತೂಕ ಸ್ವಲ್ಪ ಹೆಚ್ಚಿದರೆ ಒಡಲಿನ ಕಾವು ಏರುತ್ತದೆ, ಉರಿಯುವ ವೇಗ ಎಗ್ಗಿಲ್ಲದೆ ಹೆಚ್ಚುತ್ತದೆ. ಸೂರ್ಯನ ಒಡಲಲ್ಲಿ ಪ್ರೋಟಾನುಗಳು ಒಂದಕ್ಕೊಂದು ನೇರವಾಗಿ ಬೆಸೆದುಕೊಳ್ಳುತ್ತವೆ, ಅದು ನಿಧಾನದ ಕೆಲಸ. ಅರುಂಧತಿಯಂಥ ತೂಕದ ನಕ್ಷತ್ರದಲ್ಲಿ ಕಾರ್ಬನ್, ನೈಟ್ರೋಜನ್, ಆಕ್ಸಿಜನ್ ನಡುವೆ ನಿಂತು ಕೆಲಸ ಬೇಗ ಮಾಡಿಸುತ್ತವೆ. ಮೊಸರಿಗೆ ಹೆಪ್ಪು ಇದ್ದಂತೆ: ಹೆಪ್ಪು ಖರ್ಚಾಗುವುದಿಲ್ಲ, ಆದರೆ ಅದಿಲ್ಲದೆ ಆಗುವುದೂ ಇಲ್ಲ. ಈ ಚಕ್ರ ಕಾವಿಗೆ ಎಷ್ಟು ಸೂಕ್ಷ್ಮವೆಂದರೆ ಶಾಖ ತುಸು ಏರಿದರೂ ಉರಿ ಹಲವು ಪಟ್ಟಾಗುತ್ತದೆ.

ಅರುಂಧತಿಯ ಮೇಲ್ಮೈಯ ಶಾಖ 8,000 ಕೆಲ್ವಿನ್ ಆಸುಪಾಸು, ಸೂರ್ಯನದು 5,772. ಬೆಳ್ಳಗೆ ಕಾಣುವುದಕ್ಕೆ ಈ ಶಾಖವೇ ಕಾರಣ. ಕಮ್ಮಾರನ ಕುಲುಮೆಯ ಕಬ್ಬಿಣ ಮೊದಲು ಕೆಂಪಾಗಿ, ಆಮೇಲೆ ಹಳದಿಯಾಗಿ, ಕೊನೆಗೆ ಬಿಳಿಯಾಗುವುದನ್ನು ಕೊಡಗಿನ ಕತ್ತಿ ಮಾಡುವವರ ಮುಂದೆ ಕುಳಿತವರು ಬಲ್ಲರು. ನಕ್ಷತ್ರವೂ ಹಾಗೆಯೇ.

ಖಗೋಳಜ್ಞರು ಅರುಂಧತಿಯನ್ನು ‘ಎ’ ವರ್ಗದ್ದು, ಅದರಲ್ಲೂ ‘ಎ5’ ಎನ್ನುತ್ತಾರೆ. ಲುಬ್ಧಕ, ಅಭಿಜಿತ್, ಶ್ರವಣ ಇದೇ ವರ್ಗದವು. ಈ ಅಕ್ಷರದ ಹಿಂದೆ ಒಂದು ಕತೆಯಿದೆ. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಹಾರ್ವರ್ಡ್ ವೀಕ್ಷಣಾಲಯದಲ್ಲಿ ವಿಲಿಯಮಿನಾ ಫ್ಲೆಮಿಂಗ್ ನಕ್ಷತ್ರಗಳ ರೋಹಿತಗಳನ್ನು, ಅಂದರೆ ಬಣ್ಣಬಣ್ಣವಾಗಿ ಬಿಡಿಸಿದ ಬೆಳಕಿನ ಪಟ್ಟಿಗಳನ್ನು, ವಿಂಗಡಿಸುವಾಗ ಹೈಡ್ರೋಜನ್ನಿನ ಗೆರೆ ಅತಿ ದಟ್ಟವಾಗಿದ್ದವಕ್ಕೆ ಮೊದಲ ಅಕ್ಷರ ಕೊಟ್ಟರು. ಆನಿ ಜಂಪ್ ಕ್ಯಾನನ್ ಆಮೇಲೆ ಆ ಸಾಲನ್ನು ಶಾಖದ ಕ್ರಮಕ್ಕೆ ತಿರುಗಿಸಿದರು. ಆದರೆ ಬಿಳಿ ನಕ್ಷತ್ರಗಳಲ್ಲೇ ಹೈಡ್ರೋಜನ್ ಗೆರೆ ಏಕೆ ದಟ್ಟ? ಅಲ್ಲಿ ಹೈಡ್ರೋಜನ್ ಹೆಚ್ಚಿದೆಯೇ? ಇದರ ಬೀಗ ತೆಗೆಯುವ ಕೀಲಿ ಸಿಕ್ಕಿದ್ದು ಕೋಲ್ಕತ್ತದ ಮೇಘನಾದ ಸಹಾ 1920ರಲ್ಲಿ ಬರೆದ ಸಮೀಕರಣದಿಂದ. ಯಾವ ಶಾಖದಲ್ಲಿ, ಯಾವ ಒತ್ತಡದಲ್ಲಿ ಪರಮಾಣುಗಳು ಎಷ್ಟರ ಮಟ್ಟಿಗೆ ಇಲೆಕ್ಟ್ರಾನ್ ಕಳೆದುಕೊಳ್ಳುತ್ತವೆ ಎಂಬ ಲೆಕ್ಕ ಅದು. ತಣ್ಣನೆಯ ನಕ್ಷತ್ರದಲ್ಲಿ ಹೈಡ್ರೋಜನ್ನಿನ ಇಲೆಕ್ಟ್ರಾನ್ ತಳದ ಮೆಟ್ಟಿಲಲ್ಲೇ ಕೂತಿರುತ್ತದೆ. ಅತಿ ಬಿಸಿಯದರಲ್ಲಿ ಕಿತ್ತುಕೊಂಡು ಹೋಗಿರುತ್ತದೆ. ಹತ್ತು ಸಾವಿರ ಕೆಲ್ವಿನ್ ಆಸುಪಾಸಿನಲ್ಲಿ ಮಾತ್ರ ಎರಡನೇ ಮೆಟ್ಟಿಲಲ್ಲಿ ಸಾಕಷ್ಟು ಇಲೆಕ್ಟ್ರಾನುಗಳು ಸಿಗುತ್ತವೆ, ನಮಗೆ ಕಾಣುವ ಬೆಳಕನ್ನು ಹೀರಿ ಕಪ್ಪು ಗೆರೆ ಎಳೆಯುವವು ಅವೇ. ಆ ಲೆಕ್ಕ ಹಿಡಿದುಕೊಂಡೇ 1925ರಲ್ಲಿ ಸಿಸಿಲಿಯಾ ಪೇನ್ ನಕ್ಷತ್ರಗಳೆಲ್ಲ ಬಹುಪಾಲು ಹೈಡ್ರೋಜನ್ನೇ ಎಂದು ಕಂಡುಕೊಂಡರು. ಸೂರ್ಯನಲ್ಲೂ ಅಷ್ಟೇ, ಅರುಂಧತಿಯಲ್ಲೂ ಅಷ್ಟೇ.

ನನ್ನನ್ನು ಎಲ್ಲಕ್ಕಿಂತ ಹೆಚ್ಚು ಹಿಡಿದು ನಿಲ್ಲಿಸಿದ್ದು ಅರುಂಧತಿಯ ತಿರುಗುವಿಕೆ. ಮದುವೆ ಮನೆಯಲ್ಲಿ ಸ್ಥಿರತೆಗೆ ಹೆಸರಾಗಿ ತೋರಿಸುವ ಈ ನಕ್ಷತ್ರ ಸೆಕೆಂಡಿಗೆ 200 ಕಿ.ಮೀ. ಮೀರಿದ ವೇಗದಲ್ಲಿ ತನ್ನ ಸುತ್ತ ತಾನೇ ಬುಗುರಿಯಾಗಿದೆ. ಸೂರ್ಯನ ನಡುಪಟ್ಟಿಯ ವೇಗ ಸೆಕೆಂಡಿಗೆ ಎರಡೇ ಕಿ.ಮೀ., ಒಂದು ಸುತ್ತಿಗೆ ಇಪ್ಪತ್ತೈದು ದಿನ. ಅರುಂಧತಿಗೆ ಒಂದು ಸುತ್ತಿಗೆ ಹೆಚ್ಚೆಂದರೆ ಹತ್ತು ಗಂಟೆ ಚಿಲ್ಲರೆ. ಚಿಕ್ಕಮ್ಮನ ಮದುವೆಯ ದಿಬ್ಬಣ ಬೆಳಗ್ಗೆ ಬಂದು ಸಂಜೆ ಹೊರಡುವಷ್ಟರಲ್ಲಿ ಒಂದು ಸುತ್ತು. ಇಷ್ಟು ವೇಗಕ್ಕೆ ಗೋಳ ಗೋಳವಾಗಿ ಉಳಿಯದು, ನಡು ಉಬ್ಬಿ ತಲೆ ಚಪ್ಪಟೆಯಾಗುತ್ತದೆ. ಇದೇ ವರ್ಗದ ಶ್ರವಣ ನಕ್ಷತ್ರದ ಮೇಲ್ಮೈಯ ಚಿತ್ರವನ್ನು 2007ರಲ್ಲಿ ಪ್ರಕಟಿಸಿದಾಗ ಅದು ಒತ್ತಿದ ಕಿತ್ತಳೆಯಂತೆ ಕಂಡಿತ್ತು, ಉಬ್ಬಿದ ನಡುಪಟ್ಟಿ ಧ್ರುವಗಳಿಗಿಂತ ತಣ್ಣಗಿತ್ತು.

ಸೂರ್ಯ ಹುಟ್ಟುವಾಗ ವೇಗವಾಗಿಯೇ ತಿರುಗುತ್ತಿತ್ತು. ನಿಧಾನಿಸಿದ್ದು ಹೇಗೆ ಎಂದರೆ, ಸೂರ್ಯನ ಹೊರಭಾಗ ಅನ್ನದ ಗಂಜಿಯಂತೆ ಮೇಲೆ ಕೆಳಗೆ ಕುದಿಯುತ್ತದೆ. ಆ ಕುದಿತ ಕಾಂತಕ್ಷೇತ್ರವನ್ನು ಹುಟ್ಟಿಸುತ್ತದೆ, ಕಾಂತಕ್ಷೇತ್ರ ಸೌರಮಾರುತವನ್ನು ಹಿಡಿದುಕೊಂಡು ಬ್ರೇಕಿನಂತೆ ಎಳೆಯುತ್ತದೆ. ಅರುಂಧತಿಯಂಥ ಬಿಳಿ ನಕ್ಷತ್ರದಲ್ಲಿ ಕುದಿತವಿರುವುದು ಒಡಲಿನ ನಡುವೆ, ಹೊರಭಾಗ ನಿಂತ ನೀರು. ಕುದಿತವಿಲ್ಲ, ಬಲವಾದ ಕಾಂತಕ್ಷೇತ್ರವಿಲ್ಲ, ಬ್ರೇಕಿಲ್ಲ. ಹುಟ್ಟಿದಾಗಿನ ವೇಗದ ಬಹುಪಾಲು ಇನ್ನೂ ಹಾಗೇ ಇದೆ.

ಇದರಿಂದ ಒಂದು ಒಗಟೂ ಹುಟ್ಟಿತ್ತು. ಹೊರಗೆ ಕುದಿತವಿಲ್ಲದ ನಕ್ಷತ್ರಕ್ಕೆ ಬಿಸಿ ಪ್ರಭಾವಲಯ ಇರಬಾರದು, ಅಂದಮೇಲೆ ಅದರಿಂದ ಎಕ್ಸ್‌ರೇ ಬರಬಾರದು. ಆದರೆ ರೋಸಾಟ್ ಉಪಗ್ರಹಕ್ಕೆ ಅರುಂಧತಿಯ ಕಡೆಯಿಂದ ಎಕ್ಸ್‌ರೇ ಸಿಕ್ಕಿತ್ತು. ಉತ್ತರ ಬಂದದ್ದು 2009ರಲ್ಲಿ. ಅರಿಜೋನಾದ ಎಂಎಂಟಿ ದೂರದರ್ಶಕದಲ್ಲಿ ಎರಿಕ್ ಮಮಾಜೆಕ್ ತಂಡ, ಪಾಲೊಮಾರ್ ಬೆಟ್ಟದ 5 ಮೀಟರ್ ದೂರದರ್ಶಕದಲ್ಲಿ ಇನ್ನೊಂದು ತಂಡ, ಒಬ್ಬರಿಗೊಬ್ಬರು ಸಂಬಂಧವಿಲ್ಲದೆ ಅರುಂಧತಿಯ ತೀರ ಮಗ್ಗುಲಲ್ಲಿ ಒಂದು ಕೆಂಪು ಕುಬ್ಜವನ್ನು ಹಿಡಿದವು. ತೂಕ ಸೂರ್ಯನ ಕಾಲುಭಾಗದ ಹತ್ತಿರ. ಕುದಿಯುವುದು, ಕಾಂತಕ್ಷೇತ್ರ, ಎಕ್ಸ್‌ರೇ ಎಲ್ಲ ಅದರ ಪಾಲು. ಪಾಲೊಮಾರ್‌ನವರು ಅದು ಹಿನ್ನೆಲೆಯಲ್ಲಿ ಸುಮ್ಮನೆ ಬಿದ್ದಿರುವ ಚುಕ್ಕಿಯಲ್ಲ ಎಂದು ಸಾಬೀತು ಮಾಡಿದ ಬಗೆ ಚೆಂದ: ಭೂಮಿ ಸೂರ್ಯನನ್ನು ಸುತ್ತುವಾಗ ಹತ್ತಿರದ ನಕ್ಷತ್ರಗಳು ದೂರದವುಗಳ ಎದುರು ತುಸು ಓಲಾಡಿದಂತೆ ಕಾಣುತ್ತವೆ. ತಿಂಗಳುಗಳ ಅಂತರದಲ್ಲಿ ನೋಡಿದಾಗ ಎರಡೂ ಒಂದೇ ಸಮನೆ ಓಲಾಡಿದವು. ಒಂದೇ ದೂರದಲ್ಲಿವೆ, ಒಟ್ಟಿಗಿವೆ.

ಸಂಸ್ಕೃತದಲ್ಲಿ ಅರುಂಧತೀ ನ್ಯಾಯ ಎಂಬುದೊಂದಿದೆ. ಸೂಕ್ಷ್ಮವಾದದ್ದನ್ನು ತೋರಿಸಬೇಕಾದರೆ ಮೊದಲು ಅದರ ಪಕ್ಕದ ಸ್ಥೂಲವಾದದ್ದನ್ನು ತೋರಿಸು, ಕಣ್ಣು ಅಲ್ಲಿ ನಿಂತ ಮೇಲೆ ಇದನ್ನು ತೋರಿಸು ಎಂದು. ಪಾಠ ಹೇಳುವವರ ಜಾಣ್ಮೆ ಎಂದಷ್ಟೇ ನಾನು ಅದನ್ನು ತಿಳಿದಿದ್ದೆ. ಆದರೆ ಈ ಆಕಾಶದ ತುಣುಕಿನ ಇತಿಹಾಸವೇ ಅದೇ ದಾರಿಯಲ್ಲಿ ನಡೆದಿದೆ. 1617ರಲ್ಲಿ ಬೆನೆಡೆಟ್ಟೊ ಕಾಸ್ಟೆಲ್ಲಿ ದೂರದರ್ಶಕದಲ್ಲಿ ವಸಿಷ್ಠವನ್ನು ನೋಡಿ ಗೆಲಿಲಿಯೊಗೆ ಬರೆದರು, ಅದು ಎರಡಾಗಿತ್ತು. 1857ರಲ್ಲಿ ಹಾರ್ವರ್ಡ್‌ನ ಜಾರ್ಜ್ ಬಾಂಡ್ ವಸಿಷ್ಠ, ಅರುಂಧತಿ ಎರಡನ್ನೂ ಫೋಟೊ ತೆಗೆದರು. 1889ರಲ್ಲಿ ಎಡ್ವರ್ಡ್ ಪಿಕರಿಂಗ್ ವಸಿಷ್ಠದ ಎರಡರಲ್ಲಿ ಒಂದರ ರೋಹಿತದ ಗೆರೆ ಆಗಾಗ ಇಬ್ಭಾಗವಾಗುವುದನ್ನು ಪ್ರಕಟಿಸಿದರು. ಅದೂ ಯಮಳ, ಒಂದನ್ನೊಂದು ಇಪ್ಪತ್ತು ದಿನಕ್ಕೊಮ್ಮೆ ಸುತ್ತುತ್ತಿದ್ದವು. 1908ರಲ್ಲಿ ಇನ್ನೊಂದೂ ಯಮಳವೆಂದಾಯಿತು. ನಾಲ್ಕಾದವು. ಅರುಂಧತಿ ಮಾತ್ರ ಒಂದೇ ಎಂದು ಮತ್ತೆ ನೂರು ವರ್ಷ ನಂಬಿದ್ದರು. ಪ್ರಖರವಾದದ್ದರ ಪಕ್ಕದಲ್ಲಿ ಮಂಕಾದದ್ದು, ಮಂಕಾದದ್ದರ ಪಕ್ಕದಲ್ಲಿ ಇನ್ನೂ ಮಂಕಾದದ್ದು. ಒಟ್ಟು ಆರು, ಒಂದು ಐನ್‌ಮನೆಯ ಒಕ್ಕದಂತೆ, ಕೊಡವ ಕುಟುಂಬದಂತೆ. ವಸಿಷ್ಠಕ್ಕೂ ಅರುಂಧತಿಗೂ ನಡುವೆ ಕಡಿಮೆಯೆಂದರೂ ಕಾಲು ಜ್ಯೋತಿರ್ವರ್ಷ ಅಂತರವಿದೆ, ಆದರೂ ಆರೂ ಒಂದೇ ದಿಕ್ಕಿಗೆ ಸಾಗುತ್ತಿವೆ. ಸಪ್ತರ್ಷಿಗಳಲ್ಲಿ ಐದು, ಎರಡು ತುದಿಯವನ್ನು ಬಿಟ್ಟು, ಇದೇ ಗುಂಪಿನವು.

ಗುಂಪಿನ ವಯಸ್ಸು ಸುಮಾರು ನಲವತ್ತರಿಂದ ಐವತ್ತು ಕೋಟಿ ವರ್ಷ. ಕೊಡಗಿನ ನೆಲದಡಿಯ ಬಂಡೆಗೆ ಮುನ್ನೂರು ಕೋಟಿ ವರ್ಷ ದಾಟಿದೆ. ಮಡಿಕೇರಿಯ ಬಂಡೆಯ ಮೇಲೆ ನಿಂತು ಅರುಂಧತಿಯನ್ನು ನೋಡುವವರ ಕಾಲಡಿಯದೇ ಹಿರಿದು, ಆಕಾಶದ್ದು ಕಿರಿದು. ಆ ಬಂಡೆ ಹುಟ್ಟಿ ಇನ್ನೂರೈವತ್ತು ಕೋಟಿ ವರ್ಷಗಳಾದ ಮೇಲೆ ಆ ನಕ್ಷತ್ರ ಹೊತ್ತಿಕೊಂಡಿತು. ಹದಿನಾಲ್ಕು ಪಟ್ಟು ಖರ್ಚು ಮಾಡುವ ಮನೆ ಬಹಳ ಕಾಲ ಬಾಳದು. ಇನ್ನು ನೂರು ಕೋಟಿ ವರ್ಷದ ಆಸುಪಾಸಿನಲ್ಲಿ ಒಡಲಿನ ಹೈಡ್ರೋಜನ್ ತೀರಿ, ಅದು ರೋಹಿಣಿಯಂತೆ ಊದಿ ಕೆಂಪಾಗುತ್ತದೆ, ಹೊರಪದರ ಕಳಚಿ ಭೂಮಿಯ ಗಾತ್ರದ ಶ್ವೇತ ಕುಬ್ಜವಾಗುತ್ತದೆ. ಮಗ್ಗುಲಿನ ಕೆಂಪು ಕುಬ್ಜ ಮಾತ್ರ ಆಗಲೂ ತನ್ನ ಪಾಡಿಗೆ ಉರಿಯುತ್ತಿರುತ್ತದೆ.

ಮಹಾಭಾರತದ ಭೀಷ್ಮಪರ್ವದಲ್ಲಿ ವ್ಯಾಸರು ಧೃತರಾಷ್ಟ್ರನಿಗೆ ಹೇಳುವ ಅಪಶಕುನಗಳಲ್ಲಿ ಅರುಂಧತಿ ವಸಿಷ್ಠನನ್ನು ಹಿಂದಿಕ್ಕಿದಳು ಎಂಬುದೂ ಒಂದು. ಈಗ ಯಾರು ಮುಂದೆ ಎಂದು ನೋಡಲು ದೂರದರ್ಶಕ ಬೇಕಿಲ್ಲ, ಒಂದು ಹಗ್ಗ ಸಾಕು. ಕಳೆದ ವರ್ಷ ಮೇ ಮೂರನೇ ವಾರ, ಮಳೆ ಬಿಡುವು ಕೊಟ್ಟ ಒಂದು ರಾತ್ರಿ, ಕಣದ ಪಕ್ಕದ ಶೆಡ್ಡಿನ ತೊಲೆಗೆ ತೆಳ್ಳಗಿನ ಹಗ್ಗ ಕಟ್ಟಿ ಕೆಳಗೆ ಕಲ್ಲು ತೂಗುಹಾಕಿದೆ. ಉತ್ತರದಲ್ಲಿ ಮರಗಳ ತುದಿಗೆ ತಗುಲಿದಂತಿದ್ದ ಧ್ರುವ ನಕ್ಷತ್ರ ಹಗ್ಗದ ಹಿಂದೆ ಮರೆಯಾಗುವಂತೆ ಕುರ್ಚಿ ಇಟ್ಟೆ. ಹಾಗೆ ಕೂತರೆ ಹಗ್ಗದ ಹಿಂದೆ ಹಾಯುವ ನಕ್ಷತ್ರವೆಲ್ಲ ನಮ್ಮ ನೆತ್ತಿಯ ರೇಖೆಯನ್ನು ದಾಟುತ್ತಿದೆ ಎಂದು ಲೆಕ್ಕ. ಹತ್ತು ಗಂಟೆಯ ಹೊತ್ತಿಗೆ ಸಪ್ತರ್ಷಿಗಳ ಬಾಲ ಅಲ್ಲಿಗೆ ಬಂತು.

ಕುರ್ಚಿಯಲ್ಲಿ ಕೂತವಳು ಚಿಕ್ಕಮ್ಮ. ಕನ್ನಡಕ ಒರೆಸಿಕೊಂಡು ಒಂದು ಕಣ್ಣು ಮುಚ್ಚಿದಳು. ‘ವಸಿಷ್ಠ ಹಗ್ಗದ ಹಿಂದೆ ಹೋಯ್ತು ಕಣೋ’ ಎಂದಳು. ನಾನು ಮೊಬೈಲಿನ ಗಡಿಯಾರ ಒತ್ತಿದೆ. ಅವಳು ಬಾಯಲ್ಲಿ ಎಣಿಸತೊಡಗಿದಳು. ಎಪ್ಪತ್ತು ದಾಟಿತು. ಅರುಂಧತಿ ಹಗ್ಗಕ್ಕೆ ತಾಗುವಷ್ಟು ಹತ್ತಿರವಿತ್ತು. ನಕ್ಷತ್ರಪಟ್ಟಿಯ ಪ್ರಕಾರ ಬರಬೇಕಾದ್ದು ಎಪ್ಪತ್ತೆಂಟು ಸೆಕೆಂಡಿಗೆ. ಚಿಕ್ಕಮ್ಮ ಎಪ್ಪತ್ತಾರು ಎನ್ನುವಾಗ ಅದು ಹಗ್ಗದ ಅಂಚಿಗೆ ತಗುಲಿತು, ಎಣಿಕೆ ನಿಲ್ಲಿಸದೆಯೇ ಅವಳು ನನ್ನ ತೋಳು ಹಿಡಿದುಕೊಂಡಳು.